ಕೊಡೆ ಅಂದಾಗ ಕೊಡೆ ತೋರಿಸಬೇಡಿ: ಕವಿತೆಯಿಂದ ನಗರದ ಕಿರುಚಿತ್ರ ಮಾಡುವ ಬಗೆ

ಕವಿತೆ ಇಟ್ಟುಕೊಂಡು ಕಿರುಚಿತ್ರ ಮಾಡಲು ಹೊರಟವರು ಸಾಮಾನ್ಯವಾಗಿ ಮೊದಲ ದಿನವೇ ಒಂದು ತಪ್ಪು ಮಾಡುತ್ತಾರೆ. ನಾನೂ ಮಾಡಿದ್ದೆ. ಸಾಲಿನಲ್ಲಿ ಮಳೆ ಇದ್ದರೆ ಮಳೆ ತೋರಿಸುವುದು, ಚಂದ್ರ ಇದ್ದರೆ ಚಂದ್ರನನ್ನು ತೋರಿಸುವುದು, ಒಂಟಿತನ ಅಂತಿದ್ದರೆ ಗೆಳೆಯನೊಬ್ಬನನ್ನು ಕಿಟಕಿ ಪಕ್ಕ ಕೂರಿಸಿ 'ಸುಮ್ನೆ ಹೊರಗೆ ನೋಡ್ತಾ ಇರು' ಅನ್ನುವುದು. ಕಿವಿಗೆ ಬಿದ್ದದ್ದೇ ಕಣ್ಣಿಗೂ ಬೀಳುತ್ತೆ. ಒಂದೇ ಮಾತನ್ನು ಎರಡು ಸಲ ಕೇಳಿಸಿಕೊಂಡ ಹಾಗೆ. ಐದನೇ ಸಾಲಿಗೆ ನೋಡುವವರಿಗೆ ಆಕಳಿಕೆ.

ಕೆಳಗೆ ಬರೆದಿರುವುದೆಲ್ಲ ಹೆಚ್ಚುಕಡಿಮೆ ಆ ಒಂದು ತಪ್ಪಿನಿಂದ ಪಾರಾಗುವ ದಾರಿ. ಬೇಕಾಗುವುದು ಒಂದು ಫೋನ್, ಒಂದು ಟ್ರೈಪಾಡ್, ಒಂದು ಇಯರ್‌ಫೋನ್, ಉಚಿತವಾಗಿ ಸಿಗುವ ಯಾವುದಾದರೂ ಎಡಿಟಿಂಗ್ ತಂತ್ರಾಂಶ. ನಟರು ಬೇಡ, ಕಥೆ ಬೇಡ. ಎರಡು ಮೂರು ನಿಮಿಷದ ಸಿನಿಮಾಕ್ಕೆ ಮೂರು ನಾಲ್ಕು ವಾರದ ಬಿಡುವಿನ ಹೊತ್ತು ಹಿಡಿಯುತ್ತೆ ಅಂದುಕೊಳ್ಳಿ.

ಮೊದಲು ಕವಿತೆ

ಚಿಕ್ಕದು ಆರಿಸಿಕೊಳ್ಳಿ. ನಾಲ್ಕು ಸಾಲು, ಎಂಟು ಸಾಲು, ಹೆಚ್ಚೆಂದರೆ ಹನ್ನೆರಡು. ಉದ್ದದ ಕವಿತೆ ತೆಗೆದುಕೊಂಡರೆ ಸಿನಿಮಾ ಪೂರ್ತಿ ಅದನ್ನು ಓದಿ ಮುಗಿಸುವುದರಲ್ಲೇ ಕಳೆದುಹೋಗುತ್ತೆ, ಚಿತ್ರಕ್ಕೆ ಉಸಿರಾಡಲು ಜಾಗ ಸಿಗಲ್ಲ.

ನಿಮ್ಮದೇ ಕವಿತೆ ಆದರೆ ತಲೆನೋವಿಲ್ಲ. ಬೇರೆಯವರದ್ದಾದರೆ ಹಕ್ಕು ಯಾರದ್ದು ಅಂತ ಚಿತ್ರೀಕರಣಕ್ಕೆ ಮುಂಚೆಯೇ ನೋಡಿ. ಭಾರತದಲ್ಲಿ ಕವಿ ತೀರಿಕೊಂಡು 60 ವರ್ಷ ಆಗುವವರೆಗೂ ಹಕ್ಕು ಉಳಿದಿರುತ್ತೆ, ಬಹಳಷ್ಟು ದೇಶಗಳಲ್ಲಿ ಅದು 70 ವರ್ಷ. ಅನುವಾದವಾದರೆ ಅನುವಾದಕರ ಹಕ್ಕು ಬೇರೆಯೇ ಇರುತ್ತೆ, ಇದನ್ನು ಬಹಳ ಜನ ಮರೆಯುತ್ತಾರೆ. ಒಪ್ಪಿಗೆಯನ್ನು ಬರಹದಲ್ಲೇ ಪಡೆಯಿರಿ, ಒಂದು ಇಮೇಲ್ ಆದರೂ ಸರಿ. ಸಿನಿಮಾ ಮುಗಿದ ಮೇಲೆ ಕೇಳಿ, ಅವರು ಬೇಡ ಅಂದುಬಿಟ್ಟರೆ ಅಳುವುದೊಂದೇ ಬಾಕಿ.

ಉದಾಹರಣೆಗೆ ನನ್ನದೇ ಒಂದು ಸಣ್ಣ ಪದ್ಯ ಇಟ್ಟುಕೊಳ್ಳೋಣ. ಇದರ ಮೇಲೆ ನಾನು ಮಾಡಿದ ಸಿನಿಮಾ 2 ನಿಮಿಷ 40 ಸೆಕೆಂಡ್ ಇದೆ.

ಕೊನೆಯ ಬಸ್ಸು ಹೋದ ಮೇಲೂ
ನಿಲ್ದಾಣ ಕಾಯುತ್ತಿದೆ
ಯಾರೋ ಬಿಟ್ಟು ಹೋದ ಕೊಡೆ
ತಾನೇ ಒಣಗುತ್ತಿದೆ

ಇದನ್ನು ಜೋರಾಗಿ ಓದಿ, ಫೋನಿನಲ್ಲಿ ಸಮಯ ನೋಡಿಕೊಳ್ಳಿ. ನಿಧಾನವಾಗಿ ಓದಿದರೂ 12 ಸೆಕೆಂಡಿಗೆ ಮುಗಿಯುತ್ತೆ. ಅಂದರೆ 160 ಸೆಕೆಂಡಿನ ಸಿನಿಮಾದಲ್ಲಿ ಮಾತು ಇರುವುದು ಬರೀ 12 ಸೆಕೆಂಡ್. ಉಳಿದ ಎರಡೂವರೆ ನಿಮಿಷ ನಗರಕ್ಕೆ ಬಿಟ್ಟಿದ್ದು. ಈ ಲೆಕ್ಕ ಮೊದಲೇ ತಲೆಯಲ್ಲಿ ಕೂತರೆ ಆಮೇಲೆ ಕೆಲಸ ಸುಲಭ.

ಬೇಡದ ಪಟ್ಟಿ

ನನ್ನ ಮಟ್ಟಿಗೆ ಇಡೀ ಕೆಲಸದ ಬೆನ್ನುಮೂಳೆ ಇದೇ. ಒಂದು ಹಾಳೆ ತೆಗೆದುಕೊಳ್ಳಿ. ಕವಿತೆಯಲ್ಲಿ ಬರುವ ಕಣ್ಣಿಗೆ ಕಾಣುವ ವಸ್ತುಗಳನ್ನೆಲ್ಲ ಎಡಗಡೆ ಬರೆಯಿರಿ. ಬಸ್ಸು, ನಿಲ್ದಾಣ, ಕೊಡೆ. ಇದು ಬೇಡದ ಪಟ್ಟಿ. ಇವುಗಳಲ್ಲಿ ಯಾವುದನ್ನೂ ಕ್ಯಾಮೆರಾ ನೋಡುವಂತಿಲ್ಲ.

ಬಲಗಡೆ ಕ್ರಿಯಾಪದಗಳನ್ನು ಬರೆಯಿರಿ. ಹೋಗು, ಕಾಯು, ಬಿಟ್ಟು ಹೋಗು, ಒಣಗು. ಇದು ಹುಡುಕುವ ಪಟ್ಟಿ.

ಈಗ ಪ್ರಶ್ನೆ ಬದಲಾಯಿತು ನೋಡಿ. 'ಕೊಡೆ ಎಲ್ಲಿ ಸಿಗುತ್ತೆ' ಅನ್ನುವ ಪ್ರಶ್ನೆಯೇ ಇಲ್ಲ. 'ಈ ನಗರದಲ್ಲಿ ಯಾರೂ ನೋಡದೆ ಇರುವಾಗ ಏನೇನು ಒಣಗುತ್ತೆ' ಅನ್ನುವುದು ಪ್ರಶ್ನೆ. 'ಮನುಷ್ಯರಿಲ್ಲದ ಕಾಯುವಿಕೆ ಹೇಗಿರುತ್ತೆ' ಅನ್ನುವುದು ಪ್ರಶ್ನೆ. ಈ ಎರಡನೆಯದಕ್ಕೆ ನನಗೆ ಒಂದು ವಾರದಲ್ಲಿ ಸಿಕ್ಕ ಉತ್ತರಗಳು ಇವು: ಯಾರೂ ಹತ್ತದ ಎಸ್ಕಲೇಟರ್ ಸುಮ್ನೆ ಮೇಲಕ್ಕೆ ಹೋಗುತ್ತಲೇ ಇರುವುದು. ನಡುರಾತ್ರಿ ಖಾಲಿ ರಸ್ತೆಯಲ್ಲಿ ಸಿಗ್ನಲ್ ದೀಪ ಕೆಂಪಾಗಿ, ಹಸಿರಾಗಿ, ಮತ್ತೆ ಕೆಂಪಾಗುವುದು. ಎಟಿಎಂ ಪರದೆ ಖಾಲಿ ಕೋಣೆಗೆ ಸ್ವಾಗತ ಹೇಳುತ್ತಾ ಕೂತಿರುವುದು.

ಒಣಗುವುದು ಕಷ್ಟವಾಯಿತು. ಬಟ್ಟೆ ಒಣಗುವುದು ತುಂಬಾ ನೋಡಿದ ಚಿತ್ರ. ಕೊನೆಗೆ ಒಂದು ಕಟ್ಟಡದ ಉದ್ದನೆ ಕಾರಿಡಾರಿನಲ್ಲಿ ನೆಲ ಒರೆಸಿ ಹೋಗಿದ್ದರು. ಫೋನನ್ನು ನೆಲಕ್ಕೆ ಒಂದು ಗೇಣು ಎತ್ತರದಲ್ಲಿಟ್ಟು ರೆಕಾರ್ಡ್ ಒತ್ತಿ ಕೂತೆ. ನೀರು ಅಂಚಿನಿಂದ ಒಳಕ್ಕೆ ಆರುತ್ತಾ ಬಂತು. ಒರೆಸುವ ಬಟ್ಟೆ ತಿರುಗಿದ ಕಡೆಯೆಲ್ಲ ಬಿಲ್ಲಿನ ಹಾಗೆ ಗೆರೆ ಉಳಿದಿತ್ತು, ಅವೂ ಒಂದೊಂದಾಗಿ ಮಾಯವಾದವು. ನಡುವೆ ಒಂದು ಕಲೆ, ಯಾವುದೋ ದ್ವೀಪದ ನಕ್ಷೆಯಂತೆ, ಟ್ಯೂಬ್‌ಲೈಟನ್ನು ಹಿಡಿದುಕೊಂಡು ಉಳಿಯಿತು. ಅದು ಅಂಗೈಯಷ್ಟಾಯಿತು, ನಾಣ್ಯದಷ್ಟಾಯಿತು, ಹೋಯಿತು. ಒಟ್ಟು ನಾಲ್ಕು ನಿಮಿಷ. ಸಿನಿಮಾದಲ್ಲಿ ಅದರ ಕೊನೆಯ 22 ಸೆಕೆಂಡ್ ಇದೆ, ವೇಗ ಹೆಚ್ಚಿಸಿಲ್ಲ. 'ಕೊಡೆ' ಅನ್ನುವ ಮಾತು ಕೇಳಿಸುವುದು ಆ ನಾಣ್ಯದಷ್ಟು ನೀರಿನ ಮೇಲೆ.

ಒಂದು ರಿಯಾಯಿತಿ ಇದೆ. ಬೇಡದ ಪಟ್ಟಿಯಲ್ಲಿರುವ ಒಂದು ವಸ್ತುವನ್ನು ಶಬ್ದವಾಗಿ ಒಳಗೆ ಬಿಟ್ಟುಕೊಳ್ಳಬಹುದು. ಬಸ್ಸಿನ ಬಾಗಿಲು ಮುಚ್ಚುವ, ಬ್ರೇಕಿನ ಗಾಳಿ ಬಿಡುವ 'ಫುಸ್' ಶಬ್ದವನ್ನು ನಾನು ಖಾಲಿ ಎಸ್ಕಲೇಟರ್ ಮೇಲೆ ಇಟ್ಟೆ. ಬಸ್ಸು ಕಾಣಲ್ಲ, ಆದರೆ ಹೋಗಿದ್ದು ಗೊತ್ತಾಗುತ್ತೆ.

ಹಳಬರು ಏನು ಮಾಡಿದರು

ಹೆಚ್ಚು ಬೇಡ, ಮೂರು ಸಿನಿಮಾ ನೋಡಿ ಸಾಕು.

'ಮ್ಯಾನ್‌ಹ್ಯಾಟಾ' 1921ರದ್ದು. ಪಾಲ್ ಸ್ಟ್ರಾಂಡ್ ಮತ್ತು ಚಾರ್ಲ್ಸ್ ಶೀಲರ್ ಮಾಡಿದ ಹತ್ತು ಹನ್ನೊಂದು ನಿಮಿಷದ ಮೂಕಿ ಚಿತ್ರ. ನ್ಯೂಯಾರ್ಕಿನ ದೃಶ್ಯಗಳ ನಡುನಡುವೆ ಅಮೆರಿಕದ ಕವಿ ವಾಲ್ಟ್ ವಿಟ್‌ಮನ್ ಸಾಲುಗಳು ಬರಹವಾಗಿ ಬರುತ್ತವೆ. ವಿಟ್‌ಮನ್ ತೀರಿಕೊಂಡಿದ್ದು 1892ರಲ್ಲಿ. ಅವನು ನೋಡದೇ ಇದ್ದ ಎತ್ತರದ ಕಟ್ಟಡಗಳ ಮೇಲೆ ಅವನ ಹಳೆಯ ಸಾಲು ಕೂರುವುದನ್ನು ಗಮನಿಸಿ. ಕ್ಯಾಮೆರಾ ಹೆಚ್ಚಾಗಿ ಅಲ್ಲಾಡುವುದೇ ಇಲ್ಲ. ಹೊಗೆ, ಹಡಗು, ಜನ ತಾವಾಗಿ ಫ್ರೇಮಿನೊಳಗೆ ಬಂದು ಹೋಗುತ್ತಾರೆ.

ಎರಡನೆಯದು 'ರೇನ್', 1929. ಯೋರಿಸ್ ಇವೆನ್ಸ್ ಮತ್ತು ಮನ್ನುಸ್ ಫ್ರಾಂಕೆನ್ ಆಮ್‌ಸ್ಟರ್‌ಡ್ಯಾಮಿನಲ್ಲಿ ತೆಗೆದದ್ದು. ಸುಮಾರು 12 ನಿಮಿಷದಲ್ಲಿ ಒಂದು ಮಳೆ ಶುರುವಾಗಿ ನಿಲ್ಲುತ್ತೆ. ನೋಡಿದರೆ ಒಂದೇ ಮಳೆ. ನಿಜದಲ್ಲಿ ತಿಂಗಳುಗಟ್ಟಲೆ ಬೇರೆ ಬೇರೆ ದಿನ ಬಂದ ಮಳೆಗಳನ್ನು ಜೋಡಿಸಿದ್ದು. ಒಂದೇ ದಿನದಲ್ಲಿ ಎಲ್ಲ ತೆಗೆದು ಮುಗಿಸಬೇಕು ಅನ್ನುವ ಆತುರ ಇದ್ದವರು ಇದನ್ನು ಎರಡು ಸಲ ನೋಡಬೇಕು. ಇದರಲ್ಲಿ ಮಾತೂ ಇಲ್ಲ, ಪದ್ಯವೂ ಇಲ್ಲ, ಆದರೂ ಓದಿದ ಹಾಗಾಗುತ್ತೆ.

ಮೂರನೆಯದು 1936ರ 'ನೈಟ್ ಮೇಲ್'. ಟಪಾಲು ಹೊತ್ತೊಯ್ಯುವ ರೈಲಿನ ಬಗ್ಗೆ. ಡಬ್ಲ್ಯೂ. ಎಚ್. ಆಡೆನ್ ಇದಕ್ಕಾಗಿಯೇ ಪದ್ಯ ಬರೆದುಕೊಟ್ಟ, ಬೆಂಜಮಿನ್ ಬ್ರಿಟನ್ ಸಂಗೀತ ಕೊಟ್ಟ. ಪದ್ಯ ಓಡುವುದು ರೈಲು ಚಕ್ರದ ಲಯದಲ್ಲಿ, ಅದೂ ಸಿನಿಮಾದ ಕೊನೆಯ ಭಾಗದಲ್ಲಿ ಮಾತ್ರ. ಇಲ್ಲಿ ಕವಿತೆ ಚಿತ್ರದ ಅಳತೆಗೆ ಹೊಲಿಸಿಕೊಂಡ ಬಟ್ಟೆ.

ಕವಿತೆಗೂ ಸಿನಿಮಾಕ್ಕೂ ಇರುವ ನಂಟಿನ ಮೇಲೆ 1953ರಲ್ಲಿ ನ್ಯೂಯಾರ್ಕಿನಲ್ಲಿ ಒಂದು ಚರ್ಚೆ ನಡೆದಿತ್ತು. ಪ್ರಯೋಗಾತ್ಮಕ ಸಿನಿಮಾ ಮಾಡುತ್ತಿದ್ದ ಮಾಯಾ ಡೆರೆನ್ ಅಲ್ಲಿ ಹೇಳಿದ ಮಾತು ಕೆಲಸಕ್ಕೆ ಬರುವಂಥದ್ದು. ಕಥೆ ಅಡ್ಡಡ್ಡ ಸಾಗುತ್ತೆ, ಒಂದಾದ ಮೇಲೆ ಒಂದು ಘಟನೆ. ಕವಿತೆ ಹಾಗಲ್ಲ, ಒಂದೇ ಗಳಿಗೆಯೊಳಗೆ ನೇರ ಕೆಳಕ್ಕೆ ಇಳಿಯುತ್ತೆ ಅನ್ನುವುದು ಅವಳ ಮಾತಿನ ಸಾರ. ಎಡಿಟ್ ಮಾಡುವಾಗ ನನಗೆ ಇದು ಬಾವಿ ತೋಡುವುದಕ್ಕೂ ರಸ್ತೆ ಹಾಕುವುದಕ್ಕೂ ಇರುವ ವ್ಯತ್ಯಾಸದ ಹಾಗೆ ಕಾಣುತ್ತೆ. 'ಮುಂದೇನಾಗುತ್ತೆ' ಅಂತ ಕೇಳಿಕೊಂಡರೆ ರಸ್ತೆ ಹಾಕುತ್ತಿದ್ದೀರಿ. 'ಇಲ್ಲೇ ಇನ್ನೇನಿದೆ' ಅಂತ ಕೇಳಿಕೊಳ್ಳಿ.

ಕ್ಯಾಮೆರಾ ಬಿಟ್ಟು ಓಡಾಡಿ

ಎರಡು ಮೂರು ದಿನ ಬರಿಗೈಯಲ್ಲಿ ಸುತ್ತಿ. ಒಂದೇ ಜಾಗ ಆರಿಸಿಕೊಂಡು ಬೆಳಗ್ಗೆ ಒಮ್ಮೆ, ಸಂಜೆ ಒಮ್ಮೆ, ರಾತ್ರಿ ಒಮ್ಮೆ ಹೋಗಿ. ಕಂಡದ್ದಕ್ಕಿಂತ ಕೇಳಿದ್ದನ್ನು ಜಾಸ್ತಿ ಬರೆದುಕೊಳ್ಳಿ. ನಗರದಲ್ಲಿ ಕಣ್ಣು ಬೇಗ ಅಭ್ಯಾಸ ಆಗಿಬಿಡುತ್ತೆ, ಕಿವಿಗೆ ಇನ್ನೂ ಹೊಸತು ಉಳಿದಿರುತ್ತೆ. ಅಂಗಡಿಯ ಶಟರ್ ಎಳೆಯುವಾಗ ಎಲ್ಲಿ ಸಿಕ್ಕಿಹಾಕಿಕೊಳ್ಳುತ್ತೆ, ಲಿಫ್ಟ್ ಎಷ್ಟು ಹೊತ್ತಿಗೊಮ್ಮೆ ಟಿಂಗ್ ಅನ್ನುತ್ತೆ, ಇಂಥದ್ದು.

ಅನುಮತಿ ವಿಚಾರವೂ ಈಗಲೇ ವಿಚಾರಿಸಿ. ಮೆಟ್ರೋ, ರೈಲು, ವಿಮಾನ ನಿಲ್ದಾಣ, ಮಾಲ್ ಇಲ್ಲೆಲ್ಲ ಕೇಳದೆ ಟ್ರೈಪಾಡ್ ಬಿಚ್ಚಿದರೆ ಕಾವಲಿನವರು ಬಂದೇ ಬರುತ್ತಾರೆ.

ಜನರ ಬಗ್ಗೆ ಒಂದು ಮಾತು. ಫುಟ್‌ಪಾತಿನಲ್ಲಿ ಮಲಗಿದವರನ್ನು ತೋರಿಸಿ ಅದರ ಮೇಲೆ ಕವಿತೆ ಓದುವ ಸಿನಿಮಾಗಳನ್ನು ನೋಡಿ ನೋಡಿ ನನಗೆ ಸಾಕಾಗಿದೆ. ಅವರನ್ನು ಯಾರೂ ಕೇಳಿರಲ್ಲ. ಅದು ಕವಿತೆಯೂ ಅಲ್ಲ, ಕಳ್ಳತನ. ಮುಖ ಬೇಕೇ ಬೇಕಾದರೆ ಹತ್ತಿರ ಹೋಗಿ ಕೇಳಿ. ಬೇಡ ಅಂದರೆ ಕೈ, ನೆರಳು, ಚಪ್ಪಲಿ, ಗಾಜಿನಲ್ಲಿ ಬೀಳುವ ಬಿಂಬ ಇದ್ದೇ ಇವೆ, ಎಷ್ಟೋ ಸಲ ಮುಖಕ್ಕಿಂತ ಅವೇ ಚೆನ್ನಾಗಿರುತ್ತವೆ.

ಚಿತ್ರೀಕರಣ

ನಿಮಗೆ ನೀವೇ ಮೂರು ನಿಯಮ ಹಾಕಿಕೊಳ್ಳಿ. ಯಾವುದಾದರೂ ಸರಿ. ನನ್ನವು: ಕ್ಯಾಮೆರಾ ಅಲ್ಲಾಡಬಾರದು, ಸೊಂಟಕ್ಕಿಂತ ಮೇಲೆ ಹೋಗಬಾರದು, ಒಂದು ಶಾಟ್ 40 ಸೆಕೆಂಡಿಗಿಂತ ಕಡಿಮೆ ಇರಬಾರದು. ನಿಯಮ ಯಾಕೆ ಅಂದರೆ ನಗರದಲ್ಲಿ ಎಲ್ಲ ಕಡೆಯೂ ಏನೋ ನಡೆಯುತ್ತಿರುತ್ತೆ, ಕೈಗೆ ಕಡಿವಾಣ ಇಲ್ಲದಿದ್ದರೆ ಮುನ್ನೂರು ಚೂರು ತೆಗೆದುಕೊಂಡು ಮನೆಗೆ ಬರುತ್ತೀರಿ, ಯಾವುದಕ್ಕೂ ಯಾವುದೂ ಕೂಡಲ್ಲ.

40 ಸೆಕೆಂಡ್ ಅಂದೆನಲ್ಲ, ಅದು ಬಹಳ ಮುಖ್ಯ. ಎಲ್ಲರೂ ಐದು ಸೆಕೆಂಡಿಗೆ ನಿಲ್ಲಿಸಿಬಿಡುತ್ತಾರೆ. ಏನಾದರೂ ಆಗುವುದು ಸಾಮಾನ್ಯವಾಗಿ ನಿಮಗೆ ಬೇಜಾರಾದ ಮೇಲೆಯೇ. ನನ್ನ ಸಿಗ್ನಲ್ ಶಾಟಿನಲ್ಲಿ 33ನೇ ಸೆಕೆಂಡಿಗೆ ಒಂದು ನಾಯಿ ಬಂದು, ಕೆಂಪು ದೀಪ ಇರುವಾಗ ನಿಂತು, ಹಸಿರಾದ ಮೇಲೆ ದಾಟಿತು. ಹೇಳಿ ಮಾಡಿಸಿದ್ದು ಅಂತ ಎಲ್ಲರೂ ಅಂದುಕೊಳ್ಳುತ್ತಾರೆ.

ಫೋನಿನ ಸೆಟ್ಟಿಂಗ್ ಕಡೆ ಸ್ವಲ್ಪ ಗಮನ. ಏರೋಪ್ಲೇನ್ ಮೋಡ್ ಹಾಕಿ, ಇಲ್ಲದಿದ್ದರೆ ಒಳ್ಳೆಯ ಶಾಟಿನ ನಡುವೆಯೇ ಯಾರಾದರೂ ಕರೆ ಮಾಡುತ್ತಾರೆ. ಫೋಕಸ್, ಎಕ್ಸ್‌ಪೋಶರ್ (ಕ್ಯಾಮೆರಾ ಎಷ್ಟು ಬೆಳಕು ಹಿಡಿಯುತ್ತೆ ಅನ್ನುವುದು) ಎರಡನ್ನೂ ಲಾಕ್ ಮಾಡಿ. ಮಾಡದಿದ್ದರೆ ಒಂದು ಗಾಡಿಯ ಹೆಡ್‌ಲೈಟ್ ಹಾದುಹೋದರೂ ಇಡೀ ಚಿತ್ರ ಕಪ್ಪಾಗಿ ಮತ್ತೆ ಬೆಳಗುತ್ತೆ. ಸೆಕೆಂಡಿಗೆ 24 ಅಥವಾ 25 ಫ್ರೇಮ್, ಯಾವುದು ಆರಿಸಿದರೂ ಕೊನೆಯವರೆಗೂ ಅದೇ.

ಇನ್ನು ಟ್ಯೂಬ್‌ಲೈಟ್, ಬೀದಿದೀಪಗಳ ಕಾಟ. ನಾನು ಮೊದಲ ಸಲ ರಾತ್ರಿ ತೆಗೆದ ಫುಟೇಜಿನಲ್ಲಿ ಗೋಡೆ ಮೇಲೆಲ್ಲ ಕಪ್ಪು ಪಟ್ಟಿಗಳು ತೆವಳುತ್ತಿದ್ದವು. ಕಾರಣ ಇಷ್ಟೇ: 50 ಹರ್ಟ್ಜ್ ವಿದ್ಯುತ್ ಇರುವ ಕಡೆ ಇಂಥ ದೀಪ ಸೆಕೆಂಡಿಗೆ 100 ಸಲ ಮಿನುಗುತ್ತೆ, ಶಟರ್ ಸ್ಪೀಡ್, ಅಂದರೆ ಒಂದೊಂದು ಫ್ರೇಮಿಗೆ ಕ್ಯಾಮೆರಾ ಬೆಳಕು ಹಿಡಿಯುವ ಹೊತ್ತು, ಅದಕ್ಕೆ ಹೊಂದದಿದ್ದರೆ ಆ ಮಿನುಗು ಚಿತ್ರದಲ್ಲಿ ಬಂದುಬಿಡುತ್ತೆ. 1/50 ಅಥವಾ 1/100 ಸೆಕೆಂಡ್ ಇಟ್ಟರೆ ಸಾಕು. 60 ಹರ್ಟ್ಜ್ ಇರುವ ದೇಶಗಳಲ್ಲಿ 1/60 ಅಥವಾ 1/120. ಎಲ್‌ಇಡಿ ಜಾಹೀರಾತು ಫಲಕಗಳಿಗೆ ಇದೂ ನಡೆಯದೆ ಹೋಗಬಹುದು, ಅಲ್ಲೇ ಹತ್ತು ಸೆಕೆಂಡ್ ತೆಗೆದು ನೋಡಿ ಮುಂದುವರಿಯಿರಿ.

ಮನೆಗೆ ಬಂದ ಕೂಡಲೇ ಫುಟೇಜನ್ನು ಎರಡು ಕಡೆ ಕಾಪಿ ಮಾಡಿ. ಆಮೇಲೆ ಊಟ.

ಶಬ್ದ

ಚಿತ್ರದ ಜೊತೆ ಬರುವ ಶಬ್ದವನ್ನು ನಂಬಬೇಡಿ. ಪ್ರತಿ ಜಾಗದಲ್ಲೂ ಚಿತ್ರ ಮುಗಿದ ಮೇಲೆ ಫೋನನ್ನು ಕೆಳಗಿಟ್ಟು ಎರಡು ನಿಮಿಷ ಬರೀ ಶಬ್ದ ರೆಕಾರ್ಡ್ ಮಾಡಿ. ನೀವು ಮಾತಾಡಬೇಡಿ, ಚೀಲದ ಜಿಪ್ ಎಳೆಯಬೇಡಿ. ಈ ಎರಡು ನಿಮಿಷ ಎಡಿಟಿನಲ್ಲಿ ಬಂಗಾರ, ಎರಡು ಶಾಟುಗಳ ನಡುವಿನ ಹೊಲಿಗೆ ಕಾಣದ ಹಾಗೆ ಮಾಡುವುದು ಅದೇ. ಗಾಳಿ ಇದ್ದರೆ ಮೈಕಿನ ತೂತಿನ ಮೇಲೆ ತೆಳ್ಳನೆ ಸ್ಪಂಜಿನ ಚೂರು ಇಡಿ.

ಕವಿತೆ ಓದುವ ದನಿಗೆ ಬಂದರೆ, ನಾಟಕ ಬೇಡ. ದಯವಿಟ್ಟು ಬೇಡ. ನಡುಗುವ ಕಂಠ, ಸಾಲಿನ ಕೊನೆಯಲ್ಲಿ ನಿಟ್ಟುಸಿರು, ಹಿಂದೆ ಪಿಯಾನೋ, ಇವು ಮೂರು ಸೇರಿದರೆ ಯಾವ ಒಳ್ಳೆಯ ಪದ್ಯವೂ ಉಳಿಯಲ್ಲ. ಪಕ್ಕದಲ್ಲಿ ಕೂತವರಿಗೆ ವಿಳಾಸ ಹೇಳುವಷ್ಟು ಸಾದಾ ಆಗಿ ಓದಿ. ನಿಮ್ಮ ದನಿ ನಿಮಗೆ ಹಿಡಿಸದಿದ್ದರೆ ಕವಿತೆ ಗೊತ್ತೇ ಇಲ್ಲದವರ ಕೈಗೆ ಹಾಳೆ ಕೊಟ್ಟು ಓದಿಸಿ. ಅವರ ಮೊದಲ ಓದಿನಲ್ಲಿ ಒಂದು ತಡವರಿಕೆ ಇರುತ್ತೆ, ಅದು ನಟಿಸಿದರೆ ಬರುವಂಥದ್ದಲ್ಲ.

ಬಟ್ಟೆ ತುಂಬಿದ ಬೀರುವಿನ ಬಾಗಿಲು ತೆರೆದು ಅದರತ್ತ ಮುಖ ಮಾಡಿ ಓದಿದರೆ ಕೋಣೆಯ ಪ್ರತಿಧ್ವನಿ ಕಡಿಮೆಯಾಗುತ್ತೆ. ಫ್ಯಾನ್ ಆರಿಸಿ. ನಾನು ಹದಿನಾಲ್ಕು ಟೇಕ್ ಓದಿ ಮುಗಿಸಿದ ಮೇಲೆ ತಲೆ ಎತ್ತಿ ನೋಡಿದರೆ ಫ್ಯಾನ್ ತಿರುಗುತ್ತಿತ್ತು. ಹದಿನಾಲ್ಕೂ ಹೋಯಿತು.

ಎಡಿಟ್

ಒಂದೇ ಸಲ ಎಲ್ಲ ಜೋಡಿಸಲು ಕೂರಬೇಡಿ. ಮೊದಲು ಶಬ್ದ ಪೂರ್ತಿ ಮ್ಯೂಟ್ ಮಾಡಿ ಬರೀ ಚಿತ್ರ ಜೋಡಿಸಿ. ಮೂಕವಾಗಿಯೇ ಅದು ನಿಲ್ಲಬೇಕು. ಆಮೇಲೆ ಚಿತ್ರ ನೋಡದೆ, ಕಣ್ಣು ಮುಚ್ಚಿ ಕೇಳುತ್ತಾ ಶಬ್ದದ ಟ್ರ್ಯಾಕ್ ಕಟ್ಟಿ. ಎರಡೂ ಒಂದಾದ ಮೇಲೆ, ಕಟ್ಟಕಡೆಗೆ, ಕವಿತೆಯನ್ನು ತನ್ನಿ. ಬಹಳ ಜನ ಉಲ್ಟಾ ಮಾಡುತ್ತಾರೆ. ದನಿಯನ್ನು ಮೊದಲು ಟೈಮ್‌ಲೈನಿಗೆ ಹಾಕಿ, ಅದರ ಮೇಲೆ ಚಿತ್ರ ಹೊದಿಸುತ್ತಾರೆ. ಹಾಗೆ ಮಾಡಿದಾಗ ಚಿತ್ರ ಕವಿತೆಯ ಆಳಾಗಿಬಿಡುತ್ತೆ.

ಸಾಲುಗಳನ್ನು ಬಿಡಿಬಿಡಿಯಾಗಿ ಕತ್ತರಿಸಿಟ್ಟುಕೊಳ್ಳಿ. ನನ್ನ ಸಿನಿಮಾದಲ್ಲಿ ಮೊದಲ ಎರಡು ಸಾಲು 30ನೇ ಸೆಕೆಂಡಿಗೆ ಬರುತ್ತವೆ. ಮೂರನೆಯದು ಬರುವುದು ಒಂದೂವರೆ ನಿಮಿಷ ಬಿಟ್ಟು. ಅಷ್ಟು ಹೊತ್ತಿಗೆ ಕವಿತೆ ಮುಗಿಯಿತು ಅಂತ ನೋಡುವವರು ಅಂದುಕೊಂಡಿರುತ್ತಾರೆ.

ಇನ್ನೊಂದು ಸಣ್ಣ ಪ್ರಯೋಗ ಮಾಡಿ ನೋಡಿ. ಒಂದು ಸಾಲನ್ನು ಕಟ್ ಬೀಳುವ, ಅಂದರೆ ಒಂದು ಶಾಟ್ ಮುಗಿದು ಇನ್ನೊಂದು ಶುರುವಾಗುವ ಜಾಗದಲ್ಲಿ ಸರಿಯಾಗಿ ಇಡಿ, ನೋಡಿ. ಅದನ್ನೇ ಅರ್ಧ ಸೆಕೆಂಡ್ ಹಿಂದಕ್ಕೆ ಎಳೆಯಿರಿ, ಮತ್ತೆ ನೋಡಿ. ಆಮೇಲೆ ಎರಡು ಸೆಕೆಂಡ್ ಮುಂದಕ್ಕೆ. ಕಟ್ ಮೇಲೆಯೇ ಬಿದ್ದರೆ ಸಾಲು ಹೊಸ ಚಿತ್ರಕ್ಕೆ ಹೆಸರಿಟ್ಟ ಹಾಗೆ ಕೇಳಿಸುತ್ತೆ. ಮೊದಲೇ ಬಂದರೆ ಮುಂದಿನ ಚಿತ್ರವನ್ನು ಹುಡುಕಿಸುತ್ತೆ. ತಡವಾಗಿ ಬಂದರೆ ಆಗಲೇ ನೋಡಿದ್ದನ್ನು ಇನ್ನೊಮ್ಮೆ ನೋಡಿಸುತ್ತೆ. ಅದೇ ನಾಲ್ಕು ಪದ, ಮೂರು ಬೇರೆ ಕೆಲಸ. ಒಂದು ಸಂಜೆ ಪೂರ್ತಿ ಇದರಲ್ಲೇ ಕಳೆದರೂ ನಷ್ಟ ಇಲ್ಲ.

ಬಣ್ಣದ ಜೊತೆ ಜಾಸ್ತಿ ಆಡಬೇಡಿ. ಕಪ್ಪು ಬಿಳುಪು ಮಾಡಿದ ಮಾತ್ರಕ್ಕೆ ಕಾವ್ಯ ಆಗಲ್ಲ. ಸ್ಲೋ ಮೋಷನ್ ಕೂಡ ಅಷ್ಟೇ.

ಬರಹ ಪರದೆ ಮೇಲೆ ಬೇಕಾದರೆ

ದನಿ ಇದ್ದರೆ ಅದೇ ಭಾಷೆಯ ಬರಹ ಬೇಡ, ಬರಹ ಇದ್ದರೆ ದನಿ ಬೇಡ. ಎರಡೂ ಇದ್ದರೆ ಕಣ್ಣು ಓದುವುದರಲ್ಲಿ ತೊಡಗಿ ಚಿತ್ರ ತಪ್ಪಿಹೋಗುತ್ತೆ. ಕಿವಿ ಕೇಳಿಸದವರಿಗಾಗಿ ಸಬ್‌ಟೈಟಲ್ ಮಾಡುವುದಾದರೆ ಬೇರೆ ಫೈಲ್ ಆಗಿ ಇಡಿ, ಬೇಕಾದವರು ಹಾಕಿಕೊಳ್ಳಲಿ. ಒಂದು ಸಾಲು ಪರದೆ ಮೇಲೆ ಎಷ್ಟು ಹೊತ್ತು ಇರಬೇಕು? ನಿಧಾನವಾಗಿ ಎರಡು ಸಲ ಓದುವಷ್ಟು.

ಕನ್ನಡ ಅಕ್ಷರ ಹಾಕುವವರಿಗೆ ಒಂದು ಎಚ್ಚರಿಕೆ. ಕೆಲವು ಎಡಿಟಿಂಗ್ ತಂತ್ರಾಂಶಗಳಲ್ಲಿ ಒತ್ತಕ್ಷರ ಕಳಚಿ ಪಕ್ಕಕ್ಕೆ ಬೀಳುತ್ತೆ, 'ಬಸ್ಸು' ಹೋಗಿ 'ಬಸ್‌ಸು' ಆಗುತ್ತೆ. ಆಗ ಸಾಲನ್ನು ಬೇರೆ ಕಡೆ ಸರಿಯಾಗಿ ಬರೆದು, ಹಿನ್ನೆಲೆ ಇಲ್ಲದ ಪಿಎನ್‌ಜಿ ಚಿತ್ರವಾಗಿ ಉಳಿಸಿ, ಅದನ್ನು ಟೈಮ್‌ಲೈನಿಗೆ ತಂದರೆ ಮುಗಿಯಿತು.

ತೋರಿಸಿ, ಕಳಿಸಿ

ಮುಗಿಯಿತು ಅನ್ನಿಸಿದ ಮೇಲೆ ಒಂದು ವಾರ ಮುಟ್ಟಬೇಡಿ. ಆಮೇಲೆ ಕವಿತೆ ಓದಿರದ ಮೂರು ಜನಕ್ಕೆ ತೋರಿಸಿ. 'ಅರ್ಥ ಆಯ್ತಾ' ಅಂತ ಕೇಳಬೇಡಿ, ಎಲ್ಲರೂ ಹೂಂ ಅನ್ನುತ್ತಾರೆ. 'ಏನೇನು ನೋಡಿದಿರಿ' ಅಂತ ಕೇಳಿ. ನನ್ನದನ್ನು ನೋಡಿದವರಲ್ಲಿ ಒಬ್ಬರು ಕಪ್ಪು ಕೊಡೆ ಇತ್ತು ಅಂದರು. ಪಕ್ಕದವರು ಇಲ್ಲ, ಹೂವಿನ ಚಿತ್ರದ್ದು, ಹಿಡಿ ಮುರಿದಿತ್ತು ಅಂತ ವಾದಕ್ಕೆ ನಿಂತರು. ಕೊಡೆ ಎಲ್ಲೂ ಇಲ್ಲ ಅಂತ ಹೇಳಿದಾಗ ಇಬ್ಬರೂ ನಂಬಲಿಲ್ಲ, ಹಿಂದಕ್ಕೆ ಎಳೆದು ನೋಡಿದರು.

ಇಂಥ ಸಿನಿಮಾಗಳಿಗೇ ಮೀಸಲಾದ ಉತ್ಸವಗಳಿವೆ. ಬರ್ಲಿನ್ನಿನ 'ಝೀಬ್ರಾ' ಕಾವ್ಯ ಚಿತ್ರೋತ್ಸವ 2002ರಿಂದ ಇದೆ. ಕಳಿಸುವ ಮುಂಚೆ ನಿಯಮ ಪೂರ್ತಿ ಓದಿ. ಆಗಲೇ ಅಂತರ್ಜಾಲದಲ್ಲಿ ಹಾಕಿಬಿಟ್ಟ ಸಿನಿಮಾವನ್ನು ಕೆಲವು ಉತ್ಸವಗಳು ತೆಗೆದುಕೊಳ್ಳುವುದಿಲ್ಲ, ಹಾಗಾಗಿ ಉತ್ತರ ಬರುವವರೆಗೂ ಪಾಸ್‌ವರ್ಡ್ ಹಾಕಿದ ಲಿಂಕ್ ಇಟ್ಟುಕೊಳ್ಳಿ. ಇಂಗ್ಲಿಷ್ ಸಬ್‌ಟೈಟಲ್ ಸಾಮಾನ್ಯವಾಗಿ ಕೇಳುತ್ತಾರೆ. ಅದನ್ನು ಯಂತ್ರದ ಅನುವಾದಕ್ಕೆ ಬಿಡಬೇಡಿ, ಕವಿತೆ ಓದುವ ಅಭ್ಯಾಸ ಇರುವ ಯಾರಿಂದಲಾದರೂ ಮಾಡಿಸಿ, ಅವರ ಹೆಸರನ್ನು ಕೊನೆಯಲ್ಲಿ ಹಾಕಿ. ನೆಲ ಒರೆಸಿದವರ ಹೆಸರು ಕೇಳಿಕೊಂಡು ಬರಲಿಲ್ಲ ನಾನು. ಕ್ರೆಡಿಟ್ಸ್ ಬರೆಯಲು ಕೂತಾಗ ನೆನಪಾಯಿತು.